ಅವಳಿ ಮಕ್ಕಳ ತೂಕವೂ ಬುದ್ಧಿಯೂ

ನಮ್ಮ ಶಹಾಪುರ, ಸುರಪುರ ಕಡೆ ಅವಳಿ ಹುಟ್ಟಿದರೆ ನೋಡಲು ಬಂದವರು ಮೊದಲು ಕೇಳುವುದು, ಯಾವುದು ದಪ್ಪ, ಯಾವುದು ಸಣ್ಣ ಎಂದು. ಹಿರಿಯರೊಬ್ಬರು ಆಗಲೇ ತೀರ್ಪನ್ನೂ ಕೊಟ್ಟುಬಿಡುತ್ತಾರೆ. ದಪ್ಪನೆಯದು ಮಂದ, ತೆಳ್ಳನೆಯದು ಚುರುಕು. ಇನ್ನೊಂದು ಮನೆಯಲ್ಲಿ ಇದೇ ಮಾತು ತಿರುವುಮುರುವಾಗಿ, ಸಣ್ಣದಕ್ಕೆ ಬುದ್ಧಿ ಬಲಿಯಲಿಲ್ಲ ಎನ್ನುತ್ತಾರೆ. ಎರಡೂ ಕಡೆ ಕೊನೆಗೆ ಬರುವುದು ಒಂದೇ ಮಾತು: "ಎಲ್ಲಾ ರಕ್ತದಾಗೇ ಇರ್ತದ ಬಿಡ್ರಿ."

ರಕ್ತದ ಈ ಮಾತನ್ನು ಅವಳಿಗಳ ಮೂಲಕ ಪರೀಕ್ಷಿಸಲು ಮೊದಲು ಹೊರಟವರು ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್. ಅವಳಿಗಳಿರುವ ಮನೆಗಳಿಗೆ ಪ್ರಶ್ನೆಗಳನ್ನು ಬರೆದು ಕಳಿಸಿ, ಬಂದ ಉತ್ತರಗಳನ್ನು ಹಿಡಿದು 1875ರಲ್ಲಿ ಲೇಖನ ಬರೆದರು. ಪಾಲನೆಗಿಂತ ಹುಟ್ಟೇ ದೊಡ್ಡದು ಎಂದು ಅವರ ತೀರ್ಮಾನ. ಆದರೆ ಅವರಿಗೆ ಉತ್ತರ ಬರೆದವರೆಲ್ಲ ಓದುಬರಹ ಬಲ್ಲ, ಉಂಡು ಉಟ್ಟ ಮನೆಯವರು. ಊಟವಿಲ್ಲದ ಮನೆಯ ಅವಳಿ ಆ ಲೆಕ್ಕಕ್ಕೆ ಬರಲೇ ಇಲ್ಲ. ನನಗೆ ಕಾಣುವ ಮಟ್ಟಿಗೆ ಮುಂದಿನ ನೂರು ವರ್ಷದ ಜಗಳವೆಲ್ಲ ಅಲ್ಲೇ ಹುಟ್ಟಿತು.

ಆಮೇಲೆ ಲಂಡನ್ನಿನ ಶಾಲೆಗಳಿಗೆ ಮನಶ್ಶಾಸ್ತ್ರಜ್ಞರಾಗಿದ್ದ ಸಿರಿಲ್ ಬರ್ಟ್ ಬಂದರು. ಬೇರೆ ಬೇರೆ ಮನೆಯಲ್ಲಿ ಬೆಳೆದ ಅವಳಿಗಳ ಬುದ್ಧಿಯೂ ಒಂದೇ ಎಂದು ಅಂಕಿ ಕೊಟ್ಟರು. 1955ರಲ್ಲಿ 21 ಜೋಡಿ, 1966ರಲ್ಲಿ 53 ಜೋಡಿ. ಹೋಲಿಕೆಯ ಅಂಕಿ ಮಾತ್ರ ಎರಡೂ ಸಲ 0.771! ಮೂರನೆಯ ದಶಮಾಂಶವೂ ಅಲುಗಲಿಲ್ಲ. ಗಣಿತ ಕಲಿಸುವ ಯಾವ ಟೀಚರಿಗಾದರೂ ಅನುಮಾನ ಬರಬೇಕಿತ್ತು. ಅವರು ತೀರಿಕೊಂಡ ಮೇಲೆ, 1974ರಲ್ಲಿ, ಅಮೆರಿಕದ ಲಿಯಾನ್ ಕಾಮಿನ್ ಅದನ್ನು ಎತ್ತಿ ತೋರಿಸಿದರು.

ಹಾಗೆಂದು ಹುಟ್ಟಿಗೆ ಬೆಲೆಯೇ ಇಲ್ಲ ಎನ್ನಲಾಗದು. 1990ರಲ್ಲಿ ಕೆನಡಾದಲ್ಲಿ ಕ್ಲೋಡ್ ಬುಷಾರ್ ಎಂಬುವರು 12 ಜೋಡಿ ತದ್ರೂಪಿ ಅವಳಿ ತರುಣರಿಗೆ 84 ದಿನ, ದಿನಕ್ಕೆ 1000 ಕ್ಯಾಲರಿ ಹೆಚ್ಚಿಗೆ ಉಣ್ಣಿಸಿದರು. ಒಬ್ಬನ ತೂಕ ನಾಲ್ಕು ಕಿಲೋ ಏರಿದರೆ ಇನ್ನೊಬ್ಬನದು ಹದಿಮೂರು. ಆದರೆ ಅಣ್ಣ ತಮ್ಮ ಹೆಚ್ಚುಕಡಿಮೆ ಸಮಸಮ ಏರಿದರು. ಉಂಡದ್ದು ಮೈಗೆ ಹತ್ತುವುದರಲ್ಲಿ ವಂಶದ ಕೈವಾಡ ಖಂಡಿತ ಇದೆ.

ತದ್ರೂಪಿ ಅವಳಿಗಳು ಒಂದೇ ಅಂಡ ಒಡೆದು ಆದವರು, ಇಬ್ಬರ ವಂಶವಾಹಿಯೂ ಒಂದೇ. ಹಾಗಾದರೆ ಹುಟ್ಟುವಾಗಲೇ ಒಂದು ಎರಡೂವರೆ ಕಿಲೋ, ಇನ್ನೊಂದು ಎರಡು ಕಿಲೋ ಏಕೆ? ಗರ್ಭದಲ್ಲಿ ಸಿಕ್ಕ ಪಾಲು ಸಮ ಇರಲಿಲ್ಲ, ಅಷ್ಟೇ. ಒಂದೇ ಮಾಸು ಹಂಚಿಕೊಂಡರೂ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಹಾರ ಹೋಗುವುದುಂಟು. ನಾರ್ವೆಯಲ್ಲಿ ಅವಳಿಗಳ ಜನನದ ತೂಕವನ್ನು, ಗಂಡುಮಕ್ಕಳು ಸೈನ್ಯಕ್ಕೆ ಹೋಗುವಾಗ ಬರೆದ ಬುದ್ಧಿ ಪರೀಕ್ಷೆಯೊಡನೆ ಹೋಲಿಸಿ 2007ರಲ್ಲಿ ಪ್ರಕಟಿಸಿದರು. ಹೆಚ್ಚು ತೂಕದವನು ತುಸು ಮುಂದಿದ್ದ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು, ಅವರು ಅವಳಿಗಳಲ್ಲ, 9–10 ವರ್ಷದಲ್ಲಿ ಪರೀಕ್ಷಿಸಿ 2010ರಲ್ಲಿ ಬರೆದದ್ದೂ ಇದೇ ಧಾಟಿಯದು. ಅಂತರ ಚಿಕ್ಕದು. ಆದರೆ ಅದು ರಕ್ತದ್ದಲ್ಲ. ತಾಯಿಯ ತಟ್ಟೆಯದು, ಗರ್ಭದ್ದು.

ನನ್ನ ತರಗತಿಯಲ್ಲೂ ಒಂದು ಜೋಡಿ ಹುಡುಗಿಯರಿದ್ದರು, ಅಚ್ಚೊತ್ತಿದ ಹಾಗೆ. ಮನೆಯವರು ಗುಳೆ ಹೋಗುವಾಗ ಹಸುಗೂಸು ನೋಡಿಕೊಳ್ಳಲು ಕರೆದೊಯ್ದದ್ದು ಸಣಕಲಿಯನ್ನೇ. "ಅದು ದಡ್ಡಿ ಅದ ಟೀಚರ್, ಹುಟ್ಟಾ ಸಣ್ಣದು" ಎಂದಳು ತಾಯಿ. ಬಿಸಿಲಲ್ಲಿ ತೊಗರಿ ಕಟಾವು ಮಾಡುತ್ತ, ಒಣ ರೊಟ್ಟಿ ಖಾರ ಉಂಡು ಇಬ್ಬರನ್ನು ಹೊತ್ತವಳು ಆಕೆ. ಅವಳನ್ನು ಏನೆಂದು ಬಯ್ಯಲಿ? ಅಕ್ಷರ ದಾಟಿ ಓದುವಷ್ಟರಲ್ಲಿದ್ದ ಹುಡುಗಿ ನಾಲ್ಕು ತಿಂಗಳು ಬಿಟ್ಟು ಬಂದಾಗ ನಿಜಕ್ಕೂ ಹಿಂದುಳಿದಿದ್ದಳು. ಹೇಳಿದ ಮಾತು ಹೀಗೆ ತಾನೇ ನಿಜವಾಗುತ್ತದೆ.

2021ರ ಡಿಸೆಂಬರಿನಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿದರು. ವಿರೋಧವೂ ಬಂತು. ಮರುವರ್ಷ ಮೊಟ್ಟೆ ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳೊಡನೆ ಹೋಲಿಸಿ ನೋಡಿದಾಗ ನಮ್ಮ ಮಕ್ಕಳ ತೂಕ ಹೆಚ್ಚು ಏರಿತ್ತು; 8ನೆಯ ತರಗತಿಯ ಹುಡುಗಿಯರಲ್ಲಿ ಅದು ಎದ್ದು ಕಂಡಿತು. ಅಳೆದದ್ದು ಮೈಯನ್ನು, ಬುದ್ಧಿಯನ್ನಲ್ಲ. ಆದರೂ ಅದೇ ರಕ್ತ, ಅದೇ ಊರು, ಕೆಲವೇ ತಿಂಗಳು!

ಈಗ ನಮ್ಮಲ್ಲಿ ಮೊಟ್ಟೆ ಸುಲಿಯುವ ಹೊತ್ತಿಗೆ ಆ ಅವಳಿಗಳ ತಂಗಿ ಎಲ್ಲರಿಗಿಂತ ಮುಂದೆ ಸಾಲಿನಲ್ಲಿ ನಿಂತಿರುತ್ತಾಳೆ. ಸಣಕಲಿ ಅಕ್ಕ ಗುಳೆಯಲ್ಲಿ ಎತ್ತಿ ಆಡಿಸಿದ ಕೂಸು. ಕಳೆದ ವಾರ ಮಗ್ಗಿ ಹದಿಮೂರರವರೆಗೆ ಒಪ್ಪಿಸಿದಳು.