ಸದ್ದಡಗಿದ ಗುಂಡು: ಒಂದು ತೋಟಾದ ಚರಿತ್ರೆ

ದಶರಥ ಮಹಾರಾಜನು ಸರಯೂ ನದಿಯ ತೀರದಲ್ಲಿ, ಕತ್ತಲಲ್ಲಿ, ಕೊಡ ತುಂಬುವ ಸದ್ದನ್ನು ಕೇಳಿ ಆನೆಯು ನೀರು ಕುಡಿಯುತ್ತಿದೆಯೆಂದು ಬಗೆದು ಬಾಣ ಬಿಟ್ಟ ಕಥೆಯನ್ನು ನಮ್ಮ ಶಾಲೆಗಳ ಮಕ್ಕಳೆಲ್ಲರೂ ಬಲ್ಲರು. ಅದು ಶಬ್ದವೇಧಿ ವಿದ್ಯೆ. ಅಲ್ಲಿ ಸದ್ದು ಮಾಡಿದುದು ಗುರಿ, ಬಿಲ್ಲು ಮೌನವಾಗಿತ್ತು. ಬಂದೂಕು ಬಂದ ಮೇಲೆ ಈ ಸಂಬಂಧವು ತಲೆಕೆಳಗಾಯಿತು. ಗುರಿಯು ಮೌನವಾಗಿ ಮೇಯುತ್ತಿರುವಾಗ ಬೇಟೆಗಾರನ ಆಯುಧವೇ ಹರದಾರಿ ದೂರಕ್ಕೆ ಕೇಳುವಂತೆ ಗರ್ಜಿಸತೊಡಗಿತು. ಬಿಲ್ಲಿಗಿದ್ದ ಮೌನವನ್ನು ಬಂದೂಕಿಗೆ ತಂದುಕೊಡಬಹುದೇ? ತಂದುಕೊಡಲು ಎಂತಹ ತೋಟಾವನ್ನು ಆರಿಸಬೇಕು? ಪಶ್ಚಿಮ ದೇಶಗಳಲ್ಲಿ ಈ ಪ್ರಶ್ನೆಯು ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ಪದಾರ್ಥವಿಜ್ಞಾನದ ಪಾಠವೂ ದಯೆಯ ಪಾಠವೂ ಇದರಲ್ಲಿ ಒಟ್ಟಿಗೆ ಅಡಗಿವೆ.

ಮೊದಲಿಗೆ ತಿಳಿಯತಕ್ಕುದೇನೆಂದರೆ, ಬಂದೂಕಿನ ಸದ್ದು ಒಂದಲ್ಲ, ಮೂರು. ಮದ್ದು ಉರಿದು ಹುಟ್ಟಿದ ಬಿಸಿ ಅನಿಲವು ನಳಿಗೆಯ ಬಾಯಿಂದ ಒಮ್ಮೆಲೇ ಸಿಡಿದು ಹೊರಬರುವುದು ಮೊದಲನೆಯದು. ಗುಂಡು ಶಬ್ದಕ್ಕಿಂತ ವೇಗವಾಗಿ ಹಾರುವಾಗ ದಾರಿಯುದ್ದಕ್ಕೂ ಚಾಟಿ ಬೀಸಿದಂತೆ ಕೇಳುವ ಸಿಡಿತ ಎರಡನೆಯದು. ಬಂದೂಕಿನ ಯಂತ್ರಭಾಗಗಳು ಸರಿದಾಡುವ ಲೋಹದ ಸಪ್ಪಳ ಮೂರನೆಯದು. ಈ ಮೂರಕ್ಕೂ ಮದ್ದು ಬೇರೆಬೇರೆ.

ಎರಡನೆಯ ಸದ್ದಿನ ಗುಟ್ಟನ್ನು ಕಣ್ಣಿಗೆ ಕಾಣಿಸಿದವರು ಪ್ರಾಗ್ ನಗರದ ಅರ್ನ್ಸ್ಟ್ ಮಾಖ್ ಮತ್ತು ಅವರಿಗಾಗಿ ಪ್ರಯೋಗ ನಡೆಸಿದ ಪೀಟರ್ ಸಾಲ್ಖರ್. ಈಗ ಕ್ರೊಯೇಷಿಯಾದಲ್ಲಿರುವ, ಆಗ ಫ್ಯೂಮೆ ಎನಿಸಿಕೊಂಡಿದ್ದ ಬಂದರಿನಲ್ಲಿ ೧೮೮೬ರಲ್ಲಿ ಹಾರುವ ಗುಂಡಿನ ಛಾಯಾಚಿತ್ರಗಳನ್ನು ತೆಗೆಯಲಾಯಿತು. ೧೮೮೭ರಲ್ಲಿ ಅವು ಪ್ರಕಟವಾದುವು. ದೋಣಿಯ ಮೂತಿಯಿಂದ ನೀರು ಎರಡು ಕಡೆಗೂ ಸೀಳಿ ಹರಡುವಂತೆ, ಗುಂಡಿನ ತುದಿಯಿಂದ ಗಾಳಿಯ ಅಲೆಯು ಹರಡಿದ್ದುದು ಆ ಚಿತ್ರಗಳಲ್ಲಿ ಕಂಡಿತು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಚಲಿಸುತ್ತದೆ. ಗುಂಡು ಇದಕ್ಕಿಂತ ನಿಧಾನವಾಗಿ ಹೋದರೆ ಆ ಅಲೆಯೂ ಇಲ್ಲ, ಸಿಡಿತವೂ ಇಲ್ಲ.

ಚರಿತ್ರೆಯ ವಿನೋದವನ್ನು ನೋಡಿರಿ. ಅದೇ ವರ್ಷಗಳಲ್ಲಿ ಪ್ರಪಂಚವು ವೇಗದ ಕಡೆಗೆ ಓಡುತ್ತಿತ್ತು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ೧೮೮೬ರ ಫ್ರೆಂಚ್ ಸೇನೆಯ ಬಂದೂಕಿನಲ್ಲಿ ಗುಂಡು ಸೆಕೆಂಡಿಗೆ ೬೦೦ ಮೀಟರನ್ನು ಮೀರಿತು. ಮೌನವನ್ನು ಬಯಸುವವನು ಮಾತ್ರ ಈ ಓಟಕ್ಕೆ ಬೆನ್ನು ತಿರುಗಿಸಿ ನಡೆಯಬೇಕಾಯಿತು.

ಮೊದಲನೆಯ ಸದ್ದನ್ನು ಅಡಗಿಸಿ ಹೆಸರಾದವರು ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್. ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ೧೮೮೪ರಲ್ಲಿ ಯಂತ್ರಬಂದೂಕನ್ನು ನಿರ್ಮಿಸಿ ಜಗತ್ತಿನ ಕಿವಿಗಳನ್ನು ಕಿವುಡಾಗಿಸಿದರೆ, ಮಗನು ೧೯೦೯ರಲ್ಲಿ ಸದ್ದಡಗಿಸುವ ಕೊಳವೆಗೆ ಪೇಟೆಂಟ್ ಪಡೆದನು. ಅದುವೇ ಸೈಲೆನ್ಸರ್. ನುಗ್ಗಿಬರುವ ಅನಿಲವನ್ನು ಕೊಳವೆಯೊಳಗೆ ತಡೆತಡೆದು, ತಂಪಾಗಿಸಿ, ಮೆಲ್ಲನೆ ಹೊರಬಿಡುವುದೇ ಅದರ ತತ್ತ್ವ. ಮೋಟಾರು ವಾಹನಗಳ ಹೊಗೆಕೊಳವೆಯಲ್ಲಿಯೂ ಇದೇ ತತ್ತ್ವವಿದೆ. ಆದರೆ ಈ ಕೊಳವೆಯು ಗುಂಡಿನ ಸಿಡಿತವನ್ನು ತಡೆಯಲಾರದು. ಏಕೆಂದರೆ ಆ ಸದ್ದು ಹುಟ್ಟುವುದು ಕೊಳವೆಯ ಹೊರಗೆ, ಬಯಲಿನಲ್ಲಿ. ಆದುದರಿಂದಲೇ ತೋಟಾದ ಆಯ್ಕೆ ಮುಖ್ಯವಾಯಿತು.

ಇಲ್ಲಿ ಮೇಲಿನ ತರಗತಿಯ ಮಕ್ಕಳು ಹಲಗೆ ಬಳಪ ತೆಗೆದುಕೊಳ್ಳಬಹುದು. ಚಲನಶಕ್ತಿಯು ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ವೇಗವನ್ನು ಇಮ್ಮಡಿಸಿದರೆ ಶಕ್ತಿಯು ನಾಲ್ಮಡಿಯಾಗುತ್ತದೆ. ಆದರೆ ಮೌನ ಬೇಟೆಯಲ್ಲಿ ಆ ಬಾಗಿಲು ಮುಚ್ಚಿದೆ. ಉಳಿದ ದಾರಿಯೊಂದೇ, ತೂಕವನ್ನು ಹೆಚ್ಚಿಸುವುದು. ಎಲ್ಲ ಗುಂಡುಗಳ ವೇಗವನ್ನೂ ೩೧೦ ಮೀಟರು ಎಂದಿಟ್ಟುಕೊಳ್ಳೋಣ. ೨.೬ ಗ್ರಾಂ ತೂಕದ ಗುಂಡಿನ ಶಕ್ತಿ ಸುಮಾರು ೧೨೫ ಜೂಲ್, ೧೪.೩ ಗ್ರಾಮಿನದು ಸುಮಾರು ೬೮೫. ೨೬ ಗ್ರಾಮಿನದು ಸುಮಾರು ೧೨೫೦. ಸಾಮಾನ್ಯ ಬೇಟೆಯ ರೈಫಲಿನ ೯.೭ ಗ್ರಾಮಿನ ಗುಂಡು ೮೬೦ ಮೀಟರು ವೇಗದಲ್ಲಿ ಹೊರಟರೆ ಅದರ ಶಕ್ತಿ ೩೬೦೦ ಜೂಲಿನಷ್ಟಾಗುತ್ತದೆ. ಮೌನಕ್ಕೆ ತೆರುವ ಬೆಲೆಯೆಷ್ಟೆಂಬುದು ಈ ಲೆಕ್ಕದಿಂದಲೇ ವಿಶದವಾಗುವುದು.

ಈ ಮೂರು ತೂಕಗಳು ಮೂರು ತೋಟಾಗಳ ಚರಿತ್ರೆಯನ್ನು ಹೇಳುತ್ತವೆ. ಮೊದಲನೆಯದು ೧೮೮೭ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯವರು ಹೊರತಂದ, ೦.೨೨ ಅಂಗುಲದ ‘ಲಾಂಗ್ ರೈಫಲ್’ ತೋಟಾ. ಮೊಲ ಅಳಿಲುಗಳಂತಹ ಸಣ್ಣ ಪ್ರಾಣಿಗಳಿಗೆ ಅದು ಸಾಕು; ಜಿಂಕೆಗೆ ಸಾಲದು. ಇದರ ಗುಂಡನ್ನು ಶಬ್ದವೇಗದ ಅಂಚಿನಲ್ಲಿಯೇ ಇಡುವುದು ರೂಢಿ. ಆ ಅಂಚು ಸ್ಥಿರವಲ್ಲವೆಂಬುದು ಗಮನಾರ್ಹ. ೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಶಬ್ದವೇಗ ೩೪೩ ಮೀಟರು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ೩೩೧. ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗಿಳಿದರೆ ೩೧೯. ಬೇಸಗೆಯಲ್ಲಿ ಮೌನವಾಗಿ ಹೋದ ೩೨೫ ಮೀಟರು ವೇಗದ ಗುಂಡು ಫಿನ್ಲೆಂಡಿನ ಮಾಗಿಯಲ್ಲಿ ಚಾಟಿಯಂತೆ ಸಿಡಿಯುವುದು.

ಮೂರನೆಯ ತೂಕದ ಗುಂಡು ೧೮೭೩ರಲ್ಲಿ ಅಮೆರಿಕದ ಸೇನೆಯ ಒಂದೀಡಿನ ಸ್ಪ್ರಿಂಗ್‌ಫೀಲ್ಡ್ ರೈಫಲಿಗಾಗಿ ಬಂದ ೦.೪೫ ಅಂಗುಲದ ತೋಟಾದಲ್ಲಿದೆ. ಕಪ್ಪು ಮದ್ದಿನ ಕಾಲದ ಈ ಮುದುಕನು ಮೂಲದಲ್ಲಿ ಶಬ್ದವೇಗವನ್ನು ಸ್ವಲ್ಪವೇ ಮೀರುತ್ತಿದ್ದನು. ಮದ್ದನ್ನು ತಗ್ಗಿಸಿದರೆ ಸಹಜವಾಗಿಯೇ ಮೌನಿಯಾಗುವನು. ಇದೇ ವ್ಯಾಸದ ಪಿಸ್ತೂಲಿನ ತೋಟಾ ಹುಟ್ಟಿನಿಂದಲೇ ನಿಧಾನಿ. ಅದರ ೧೫ ಗ್ರಾಮಿನ ಗುಂಡಿನ ವೇಗ ಸುಮಾರು ೨೫೫ ಮೀಟರು. ಎರಡನೆಯ ಮಹಾಯುದ್ಧದಲ್ಲಿ ವಿಲಿಯಂ ಡಿ ಲೈಲ್ ಎಂಬ ಆಂಗ್ಲರು ಇದನ್ನೇ ಬಳಸಿ ಅತ್ಯಂತ ಮೌನವಾದ ಬಂದೂಕೊಂದನ್ನು ನಿರ್ಮಿಸಿದರು.

ಇನ್ನು ಮೂರನೆಯ ಸದ್ದು, ಯಂತ್ರದ ಸಪ್ಪಳ. ತಾನಾಗಿಯೇ ತೋಟಾ ತುಂಬಿಕೊಳ್ಳುವ ಬಂದೂಕಿನಲ್ಲಿ ಭಾಗಗಳು ಹಿಂದುಮುಂದಾಗಿ ಬಡಿಯುತ್ತವೆ. ಹಿಂಬದಿಯಿಂದಲೂ ಅನಿಲವು ಸೋರುತ್ತದೆ. ನಳಿಗೆಯನ್ನು ಮಡಚಿ ಒಂದೇ ತೋಟಾ ತುಂಬುವ ಒಂದೀಡಿನ ಬಂದೂಕಿನಲ್ಲಿ ಇವೆರಡೂ ಇಲ್ಲ. ೧೯೬೭ರಲ್ಲಿ ವಾರನ್ ಸೆಂಟರ್ ರಚಿಸಿದ ‘ಕಂಟೆಂಡರ್’ ಎಂಬ ಒಂದೀಡಿನ ಕೈಬಂದೂಕಿನಲ್ಲಿ ನಳಿಗೆಗಳನ್ನು ಬದಲಾಯಿಸಿ ಹಲವು ತೋಟಾಗಳನ್ನು ಪರೀಕ್ಷಿಸಬಹುದಾಗಿತ್ತು. ಹೊಸ ತೋಟಾಗಳನ್ನು ಹುಡುಕುವವರಿಗೆ ಅದು ಪ್ರಯೋಗಶಾಲೆಯೇ ಆಯಿತು. ೧೯೯೦ರ ದಶಕದ ಆರಂಭದಲ್ಲಿ ಜೆ. ಡಿ. ಜೋನ್ಸ್ ಎಂಬವರು ‘ವಿಸ್ಪರ್’, ಎಂದರೆ ಪಿಸುಮಾತು, ಎಂಬ ೦.೩೦೦ ತೋಟಾವನ್ನು ಬಳಕೆಗೆ ತಂದರು. ಸಣ್ಣ ಕೋಶದಲ್ಲಿ ಭಾರವಾದ ಗುಂಡು ಎಂಬುದು ಅದರ ಸೂತ್ರ. ನಮ್ಮ ಲೆಕ್ಕದ ಎರಡನೆಯ ತೂಕ ಇದರದು. ಅದರ ತಮ್ಮನಂತಹ ‘ಬ್ಲ್ಯಾಕ್‌ಔಟ್’ ತೋಟಾಕ್ಕೆ ೨೦೧೧ರಲ್ಲಿ ಅಮೆರಿಕದ ತಯಾರಕರ ಸಂಸ್ಥೆಯು ಪ್ರಮಾಣಿತ ಅಳತೆಯನ್ನು ಗೊತ್ತುಮಾಡಿತು.

ಭಾರದ ಗುಂಡು ಉದ್ದವಾಗಿರುತ್ತದೆ. ಉದ್ದವಾದುದು ಬೇಗ ತತ್ತರಿಸುತ್ತದೆ. ಬುಗುರಿಯು ಜೋರಾಗಿ ತಿರುಗಿದಷ್ಟೂ ನೆಟ್ಟಗೆ ನಿಲ್ಲುವಂತೆ, ಉದ್ದನೆಯ ಗುಂಡನ್ನು ಹೆಚ್ಚು ತಿರುಗಿಸಬೇಕು. ಇದರ ಲೆಕ್ಕವನ್ನು ೧೮೭೯ರಲ್ಲಿಯೇ ಕೊಟ್ಟವರು ವೂಲಿಚ್‌ನಲ್ಲಿ ಫಿರಂಗಿದಳದವರಿಗೆ ಗಣಿತ ಕಲಿಸುತ್ತಿದ್ದ ಜಾರ್ಜ್ ಗ್ರೀನ್‌ಹಿಲ್ ಎಂಬ ಉಪಾಧ್ಯಾಯರು. ಹಳೆಯ ೦.೩೦ ಅಂಗುಲದ ರೈಫಲುಗಳ ನಳಿಗೆಯಲ್ಲಿ ೧೦ ಅಂಗುಲಕ್ಕೆ ಒಂದು ಸುತ್ತು ಇದ್ದರೆ, ಪಿಸುಮಾತಿನ ಗುಂಡಿಗೆ ೮ ಅಂಗುಲಕ್ಕೇ ಒಂದು ಸುತ್ತು ಬೇಕಾಯಿತು. ನಳಿಗೆಯನ್ನು ನೋಡದೆ ತೋಟಾವನ್ನು ಆರಿಸಬಾರದೆಂಬುದು ಇದರ ತಾತ್ಪರ್ಯ.

ಈಗ ಈ ವಿಷಯದ ಮರ್ಮಕ್ಕೆ ಬರುತ್ತೇವೆ. ೩೧೦ ಮೀಟರು ವೇಗದ ಗುಂಡು ೧೦೦ ಮೀಟರು ಸಾಗುವಷ್ಟರಲ್ಲಿ ಭೂಮಿಯ ಸೆಳೆತದಿಂದ ಅರ್ಧ ಮೀಟರು ಇಳಿದಿರುತ್ತದೆ. ವೇಗದ ರೈಫಲಿನ ಗುಂಡು ಇಳಿಯುವುದು ಆರೇಳು ಸೆಂಟಿಮೀಟರು ಮಾತ್ರ. ೧೦೦ ಮೀಟರಿಗೆ ಹೊಂದಿಸಿದ ಮೌನ ಬಂದೂಕಿನಿಂದ ೧೫೦ ಮೀಟರು ದೂರದ ಪ್ರಾಣಿಗೆ ಗುರಿಯಿಟ್ಟರೆ ಗುಂಡು ಒಂದೂವರೆ ಗೇಣಿಗಿಂತಲೂ ಕೆಳಗೆ ಬೀಳುವುದು. ಎದೆಗೆ ಇಟ್ಟ ಗುರಿ ಕಾಲನ್ನು ಮುರಿಯುವುದು. ಅಲ್ಲದೆ, ವೇಗದ ಹೊಡೆತಕ್ಕೆಂದು ಮಾಡಿದ ಗುಂಡು ನಿಧಾನವಾಗಿ ತಾಗಿದಾಗ ಅರಳದೆ, ಸೂಜಿಯಂತೆ ತೂರಿಹೋಗುತ್ತದೆ. ಪ್ರಾಣಿಯು ಸಾಯದೆ, ಬದುಕಲೂ ಆಗದೆ, ಪೊದೆ ಸೇರಿ ನರಳುತ್ತದೆ. ಆದುದರಿಂದ ತಿಳಿದ ಬೇಟೆಗಾರರು ಮೃದುವಾದ ಸೀಸದ ಗುಂಡನ್ನೋ, ಕಡಿಮೆ ವೇಗದಲ್ಲಿ ಅರಳುವಂತೆ ಮಾಡಿದುದನ್ನೋ ಆರಿಸಿ, ದೂರವನ್ನು ಅಳೆದು, ಸಮೀಪದಿಂದ ಮಾತ್ರ ಹೊಡೆಯುತ್ತಾರೆ. ಒಂದೀಡಿನ ಬಂದೂಕಿನಲ್ಲಿ ಎರಡನೆಯ ಅವಕಾಶ ಸುಲಭವಾಗಿ ಸಿಗದು.

ಸೈಲೆನ್ಸರ್ ಎಂಬ ಹೆಸರೂ ಅತಿಶಯೋಕ್ತಿಯೇ. ರೈಫಲಿನ ಸದ್ದು ೧೬೦ ಡೆಸಿಬೆಲ್ ಆಸುಪಾಸಿನದು. ಕೊಳವೆಯು ಅದನ್ನು ೨೦ರಿಂದ ೩೫ರಷ್ಟು ತಗ್ಗಿಸುವುದು. ಕಿವಿಯ ರಕ್ಷಣೆಗೆ ಇದು ದೊಡ್ಡ ಉಪಕಾರವೆಂದೇ ನಾರ್ವೆ, ಫಿನ್ಲೆಂಡ್ ದೇಶಗಳಲ್ಲಿ ಬೇಟೆಗಾರರಿಗೆ ಅನುಮತಿಯಿದೆ. ಅಮೆರಿಕದಲ್ಲಿಯಾದರೋ ೧೯೩೪ರ ಕಾಯಿದೆಯು ಇದನ್ನು ನೋಂದಣಿಗೆ ಒಳಪಡಿಸಿ ೨೦೦ ಡಾಲರು ಕರವನ್ನು ವಿಧಿಸಿತು. ೨೦೨೬ರ ಜನವರಿಯಿಂದ ಕರವು ಸೊನ್ನೆಗಿಳಿದರೂ ನೋಂದಣಿಯು ಉಳಿಯಿತು. ಒಂದೇ ಕೊಳವೆ ಒಬ್ಬರಿಗೆ ಕಿವಿಯ ಕಾವಲು, ಇನ್ನೊಬ್ಬರಿಗೆ ಕಳ್ಳಬೇಟೆಯ ಮುಸುಕು.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಗಡಿಯ ಕಾಡಂಚಿನಲ್ಲಿ ಬಾಳುವ ಕನ್ನಡಿಗರಿಗೆ ಕಾಡುಹಂದಿಯ ಕಾಟವೇನೂ ಹೊಸದಲ್ಲ. ಕೇರಳದಲ್ಲಿ ೨೦೨೨ರಿಂದ ಬೆಳೆ ಹಾಳುಮಾಡುವ ಹಂದಿಯನ್ನು ಪರವಾನಗಿಯುಳ್ಳವರಿಂದ ಹೊಡೆಸಲು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಅಧಿಕಾರ ದೊರೆಯಿತು. ಅಂತಹ ಆಜ್ಞೆಯಲ್ಲಿಯೂ ಕೊನೆಗೆ ಉಳಿಯುವ ಪ್ರಶ್ನೆ ಇದೇ: ಹೊಡೆಯಲೇಬೇಕಾದಾಗ ನರಳಿಸದೆ ಹೊಡೆಯಬಲ್ಲೆವೇ? ಸದ್ದನ್ನು ಅಡಗಿಸುವ ವಿದ್ಯೆಯನ್ನು ಯಂತ್ರವು ಕಲಿಸಿತು. ಗುರಿಯು ಏನೆಂದು ನಿಶ್ಚಯಿಸಿಕೊಂಡು, ನಿಶ್ಚಯವಿಲ್ಲದಾಗ ಕೈ ತಡೆಯುವ ವಿದ್ಯೆಯನ್ನು ಮನುಷ್ಯನೇ ಮನುಷ್ಯನಿಗೆ ಕಲಿಸಬೇಕು. ಆ ಪಾಠವು ಯಾವ ತೋಟಾದ ಪೆಟ್ಟಿಗೆಯ ಮೇಲೆಯೂ ಅಚ್ಚಾಗಿರುವುದಿಲ್ಲ.