ಆಕಾಶ ಕಪ್ಪಾದ ಆ ಮಧ್ಯಾಹ್ನ

ಬೆಟ್ಟ ಕಣ್ಣೆದುರಿಗಿದೆ, ಬಿಸಿಲು ಧಾರಾಳವಾಗಿದೆ, ಕೈಯಲ್ಲಿ ಕ್ಯಾಮರಾ ಇದೆ. ಗುಂಡಿ ಒತ್ತಿದರೆ ಚಿತ್ರ ಸಿದ್ಧ ಎಂದು ನಾವು ಭಾವಿಸುತ್ತೇವೆ. ಆದರೆ ಚಿತ್ರ ಕೈಗೆ ಬಂದಾಗ ನಿರಾಶೆಯಾಗುತ್ತದೆ. ಕಣ್ಣಿಗೆ ಅಷ್ಟು ಗಂಭೀರವಾಗಿ ಕಂಡ ಶಿಖರ ಮಂಕಾಗಿರುತ್ತದೆ. ಕಣ್ಣು ಕಂಡದ್ದನ್ನು ಕ್ಯಾಮರಾ ಏಕೆ ಕಾಣುವುದಿಲ್ಲ? ಪರ್ವತಗಳ ಛಾಯಾಗ್ರಹಣದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪ್ರಶ್ನೆಯ ಇತಿಹಾಸವೇ.

ನಮ್ಮ ಹಿಮಾಲಯದಿಂದಲೇ ಆರಂಭಿಸೋಣ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಸ್ಯಾಮ್ಯುಯೆಲ್ ಬೋರ್ನ್ 1863ರಲ್ಲಿ ಭಾರತಕ್ಕೆ ಬಂದ. ಆಗ ಫಿಲ್ಮ್ ಇರಲಿಲ್ಲ. ಗಾಜಿನ ಫಲಕಕ್ಕೆ ಕಲೋಡಿಯನ್ ಎಂಬ ಅಂಟುದ್ರವ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಅಂದರೆ ಕತ್ತಲೆ ಕೋಣೆಯೂ ಡೇರೆಯ ರೂಪದಲ್ಲಿ ಬೆಟ್ಟ ಹತ್ತಬೇಕು! ಗಾಜು, ರಾಸಾಯನಿಕ, ಡೇರೆಗಳನ್ನು ಹೊರಲು ಕೂಲಿಯಾಳುಗಳ ದೊಡ್ಡ ತಂಡವೇ ಬೇಕಾಗುತ್ತಿತ್ತು. 1866ರಲ್ಲಿ ಬೋರ್ನ್ ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ಚಿತ್ರಗಳನ್ನು ತೆಗೆದ. ಆತನ ಹೆಸರು ಇತಿಹಾಸದಲ್ಲಿ ಉಳಿಯಿತು. ಆ ಭಾರ ಹೊತ್ತವರ ಹೆಸರುಗಳು ಉಳಿಯಲಿಲ್ಲ.

ಇಷ್ಟು ಶ್ರಮಪಟ್ಟರೂ ಒಂದು ಕೊರತೆ ನೀಗಲಿಲ್ಲ. ಆ ಕಾಲದ ಫಲಕಕ್ಕೆ ನೀಲಿ ಮತ್ತು ನೇರಳೆ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ಕೆಂಪು ಅದರ ಪಾಲಿಗೆ ಕತ್ತಲೆಯೇ. ಹೀಗಾಗಿ ಹಿಮಾಲಯದ ಗಾಢ ನೀಲಿ ಆಕಾಶ ಚಿತ್ರದಲ್ಲಿ ಬರೀ ಬಿಳಿಯಾಗಿ ಮೂಡುತ್ತಿತ್ತು. ಬಿಳಿ ಆಕಾಶದ ಮುಂದೆ ಬಿಳಿ ಹಿಮಶಿಖರ ಎದ್ದು ಕಾಣುವುದಾದರೂ ಹೇಗೆ? 1873ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಹರ್ಮನ್ ವಿಲ್‌ಹೆಲ್ಮ್ ಫೋಗೆಲ್, ಫಲಕಕ್ಕೆ ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಅದು ಹಸಿರು ಬೆಳಕನ್ನೂ ಗ್ರಹಿಸುತ್ತದೆ ಎಂದು ಕಂಡುಕೊಂಡ. 1906ರ ಹೊತ್ತಿಗೆ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದವು.

ಸಾಧನ ಬಂದಿತು, ಅದನ್ನು ಬಳಸಬಲ್ಲ ಕಣ್ಣು ಬರಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1902ರಲ್ಲಿ ಹುಟ್ಟಿದ ಆನ್ಸೆಲ್ ಆಡಮ್ಸ್ ಪಿಯಾನೋ ವಾದಕನಾಗಲು ಹೊರಟಿದ್ದ ಯುವಕ. 1916ರಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯನ್ನು ಮೊದಲ ಬಾರಿ ಕಂಡ ಮೇಲೆ ಬೆಟ್ಟಗಳ ಸೆಳೆತ ಅವನನ್ನು ಬಿಡಲಿಲ್ಲ. 1927ರ ಏಪ್ರಿಲ್ 10ರಂದು ಗೆಳೆಯರೊಡನೆ, ಕ್ಯಾಮರಾ ಮತ್ತು ಹನ್ನೆರಡು ಗಾಜಿನ ಫಲಕಗಳನ್ನು ಹೊತ್ತು, ಹಿಮದ ನಡುವೆ ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಎದುರಿನ ಚಾಚಿಗೆ ಹತ್ತಿದ. ಬಂಡೆಯ ಮುಖ ಆಗ ನೆರಳಿನಲ್ಲಿತ್ತು. ಅವನು ಕಾದ. ಮಧ್ಯಾಹ್ನ ದಾಟಿ ಬಿಸಿಲು ಓರೆಯಾಗಿ ಬಂಡೆಯನ್ನು ಸವರಿದಾಗ ಅದರ ಪ್ರತಿ ಬಿರುಕೂ ಸೀಳೂ ಎದ್ದು ಕಂಡವು.

ಅಷ್ಟರಲ್ಲಿ ಉಳಿದಿದ್ದುದು ಎರಡೇ ಫಲಕ. ಹಳದಿ ಫಿಲ್ಟರ್ ಹಾಕಿ ಒಂದನ್ನು ತೆಗೆದ. ತೆಗೆದೊಡನೆ, ತನ್ನ ಮನಸ್ಸಿನಲ್ಲಿ ಮೂಡಿದ ಬಂಡೆಯ ಭವ್ಯತೆ ಇದರಲ್ಲಿ ಬರಲಾರದು ಎಂದು ಹೊಳೆಯಿತು. ಕೊನೆಯ ಫಲಕಕ್ಕೆ ಕಡುಗೆಂಪು ಫಿಲ್ಟರ್ ಹಾಕಿದ. ಅದು ಬಹಳಷ್ಟು ಬೆಳಕನ್ನು ತಡೆಯುವುದರಿಂದ ಫಲಕವನ್ನು ಹದಿನಾರು ಪಟ್ಟು ಹೆಚ್ಚು ಹೊತ್ತು ಬೆಳಕಿಗೆ ಒಡ್ಡಿದ. ಕಪ್ಪು ಆಕಾಶದ ಎದುರು ಬಂಡೆ ಬೆಳಗುವ ‘ಮೊನೊಲಿತ್’ ಚಿತ್ರ ಹುಟ್ಟಿದ್ದು ಹೀಗೆ.

ಇದರಲ್ಲಿ ಪವಾಡವೇನಿಲ್ಲ. ವಾತಾವರಣದ ಅಣುಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಬಹಳ ಹೆಚ್ಚಾಗಿ ಚದುರಿಸುತ್ತವೆ. ಆಕಾಶ ನೀಲಿಯಾಗಿ ಕಾಣುವುದು ಆದ್ದರಿಂದಲೇ. ಕೆಂಪು ಫಿಲ್ಟರ್ ಆ ನೀಲಿಯನ್ನು ತಡೆದಾಗ ಆಕಾಶ ಕಪ್ಪಾಗುತ್ತದೆ. ನೆರಳಿಗೆ ಬೀಳುವುದೂ ಆಕಾಶದ ನೀಲಿ ಬೆಳಕೇ ಆದ್ದರಿಂದ ನೆರಳೂ ಗಾಢವಾಗುತ್ತದೆ. ನೇರ ಬಿಸಿಲು ಬಿದ್ದ ಹಿಮ ಮತ್ತು ಕಲ್ಲು ಮಾತ್ರ ಬೆಳ್ಳಗೆ ಉಳಿಯುತ್ತವೆ.

ಹಾಗಾದರೆ ಈ ಚಿತ್ರ ಸುಳ್ಳೇ? ಅಂದು ಆಕಾಶವೇನೂ ಕಪ್ಪಾಗಿರಲಿಲ್ಲ, ನಿಜ. ಆದರೆ ಬೋರ್ನ್ ತೆಗೆದ ಚಿತ್ರದ ಬಿಳಿ ಆಕಾಶವೂ ನಿಜವಲ್ಲವಷ್ಟೆ! ಒಂದರಲ್ಲಿ ಆಕಾಶದ ಬಣ್ಣವನ್ನು ಫಲಕದ ಮಿತಿ ತೀರ್ಮಾನಿಸಿತು, ಇನ್ನೊಂದರಲ್ಲಿ ಮನುಷ್ಯ ತಿಳಿದೇ ತೀರ್ಮಾನಿಸಿದ. ವ್ಯತ್ಯಾಸ ಇರುವುದು ಇಲ್ಲಿ. ಚಿತ್ರ ತೆಗೆಯುವ ಮೊದಲೇ ಅದನ್ನು ಮನಸ್ಸಿನಲ್ಲಿ ಪೂರ್ತಿಯಾಗಿ ಕಾಣುವ ಈ ಅಭ್ಯಾಸವನ್ನು ಆಡಮ್ಸ್ ಜೀವನವಿಡೀ ಬೋಧಿಸಿದ.

ಇಂಥ ಚಿತ್ರಗಳ ಪ್ರಭಾವ ಗೋಡೆಯ ಅಲಂಕಾರಕ್ಕಷ್ಟೇ ನಿಲ್ಲಲಿಲ್ಲ. ಸಿಯೆರಾ ನೆವಾಡಾ ಪರ್ವತಗಳನ್ನು ಕುರಿತು 1938ರಲ್ಲಿ ಆಡಮ್ಸ್ ಪ್ರಕಟಿಸಿದ ಚಿತ್ರಸಂಪುಟ ಅಧ್ಯಕ್ಷ ರೂಸ್‌ವೆಲ್ಟ್ ಅವರ ಕೈಸೇರಿತು. 1940ರಲ್ಲಿ ಅಲ್ಲಿನ ಕಿಂಗ್ಸ್ ಕ್ಯಾನ್ಯನ್ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಹಲವರ ದೀರ್ಘಕಾಲದ ಹೋರಾಟಕ್ಕೆ ಈ ಚಿತ್ರಗಳೂ ಬಲ ತಂದವು.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಬಿಳಿ ಮೋಡಗಳು ತೇಲುವ ದಿನ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಕೆಂಪು ಪಾರದರ್ಶಕ ಹಾಳೆಯ ಮೂಲಕ ಆಕಾಶವನ್ನು ನೋಡಿ. ಮೋಡ ಹಾಗೇ ಇದ್ದು, ಅದರ ಹಿಂದಿನ ನೀಲಿ ಕಪ್ಪಾಗುತ್ತದೆ. ಸೂರ್ಯನನ್ನು ಮಾತ್ರ ಎಂದಿಗೂ ನೇರವಾಗಿ ನೋಡಬೇಡಿ. ಇಂದು ಮೊಬೈಲ್ ಫೋನೇ ನಮ್ಮ ಪರವಾಗಿ ಬಣ್ಣ, ಬೆಳಕುಗಳನ್ನು ತೀರ್ಮಾನಿಸಿಬಿಡುತ್ತದೆ. ಆದ್ದರಿಂದ ಯಾವುದೇ ಚಿತ್ರ ಕಂಡಾಗ, ಇದು ಯಾವ ಬೆಳಕು, ಇದನ್ನು ಹೀಗೆ ತೋರಿಸಲು ತೀರ್ಮಾನಿಸಿದವರು ಯಾರು ಎಂದು ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ. ನೋಡುವುದನ್ನು ಕಲಿಯುವುದು ಅಲ್ಲಿಂದಲೇ ಆರಂಭವಾಗುತ್ತದೆ.