ಕರಡಿ, ಜೇನು ಮತ್ತು ಒಬ್ಬ ಹುಡುಗ

ಮೊನ್ನೆ ರಾತ್ರಿ ಮಗಳನ್ನು ಮಲಗಿಸಲು ಕಥೆ ಹೇಳುತ್ತಿದ್ದೆ. ಜೇನಿನ ಆಸೆಗೆ ಬಿದ್ದ ಕರಡಿಯೊಂದು ಮೈಗೆಲ್ಲ ಕೆಸರು ಬಳಿದುಕೊಂಡು, ಬಲೂನಿನ ದಾರಕ್ಕೆ ಜೋತುಬಿದ್ದು, ತಾನೊಂದು ಕಪ್ಪು ಮೋಡ ಅಂತ ಜೇನ್ನೊಣಗಳನ್ನು ನಂಬಿಸಲು ಹೊರಡುವ ಕಥೆ. ವಿನ್ನಿ ದ ಪೂ, ನಿಮಗೆಲ್ಲ ಗೊತ್ತಿರುವುದೇ. ನೊಣಗಳು ನಂಬುವುದಿಲ್ಲ. ಮಗಳೂ ನಂಬಲಿಲ್ಲ.

"ಅಪ್ಪಾ, ಈ ಕರಡಿ ನಿಜವಾಗ್ಲೂ ಇತ್ತಾ?"

"ಇತ್ತು ಪುಟ್ಟಾ."

"ಹಂಗಾದ್ರೆ ಜೇನುಹುಳ ಕಚ್ಲಿಲ್ವಾ ಅದಕ್ಕೆ?"

"ನಾಳೆ ಹೇಳ್ತೀನಿ, ಈಗ ಮಲ್ಕೋ" ಅಂತ ತಪ್ಪಿಸಿಕೊಂಡೆ. ಅವಳು ಮಲಗಿದಳು, ನನಗೆ ನಿದ್ದೆ ಬರಲಿಲ್ಲ. ಹಿಂದೆ ಯಾವಾಗಲೋ ಓದಿದ್ದನ್ನೆಲ್ಲ ಮತ್ತೆ ತೆಗೆದು ಕೂತೆ. ಓದುತ್ತಾ ಹೋದಂತೆ ಕರಡಿಗಿಂತ ಹೆಚ್ಚಾಗಿ ಒಬ್ಬ ಹುಡುಗ ತಲೆಯಲ್ಲಿ ಕೂತುಬಿಟ್ಟ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಜವಾದ ಕರಡಿಯಿಂದ ಶುರು ಮಾಡೋಣ. 1914ರ ಆಗಸ್ಟ್ 24. ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು. ಕೆನಡಾದ ಸೇನೆಯಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಪಶುವೈದ್ಯ ಹ್ಯಾರಿ ಕೋಲ್‌ಬರ್ನ್ ರೈಲಿನಲ್ಲಿ ಹೋಗುತ್ತಿದ್ದ. ಆಂಟೇರಿಯೋ ಪ್ರಾಂತ್ಯದ ವೈಟ್ ರಿವರ್ ನಿಲ್ದಾಣದಲ್ಲಿ ರೈಲು ನಿಂತಾಗ, ಬೇಟೆಗಾರನೊಬ್ಬ ತಾಯಿಯಿಲ್ಲದ ಕರಡಿ ಮರಿಯನ್ನು ಮಾರಾಟಕ್ಕೆ ಇಟ್ಟುಕೊಂಡಿದ್ದ. ಕೋಲ್‌ಬರ್ನ್ 20 ಡಾಲರ್ ಕೊಟ್ಟು ಕೊಂಡ. ತನ್ನ ಊರು ವಿನಿಪೆಗ್‌ನ ಹೆಸರನ್ನೇ ಇಟ್ಟ. ಕರೆಯುವುದಕ್ಕೆ ವಿನ್ನಿ. ಮರಿ ಸೈನಿಕರ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೂ ಹೋಯಿತು. ಡಿಸೆಂಬರಿನಲ್ಲಿ ಫ್ರಾನ್ಸಿನ ಯುದ್ಧಭೂಮಿಗೆ ಹೊರಡುವ ಹೊತ್ತಿಗೆ ಅದನ್ನು ಲಂಡನ್ ಮೃಗಾಲಯದಲ್ಲಿ ಬಿಟ್ಟು ಹೋದ. ಯುದ್ಧ ಮುಗಿದ ಮೇಲೆ ವಾಪಸು ಕರೆದುಕೊಂಡು ಹೋಗುವ ಆಸೆಯಿತ್ತು. ಆದರೆ ಅಷ್ಟರಲ್ಲಿ ವಿನ್ನಿ ಲಂಡನ್ನಿನ ಮಕ್ಕಳಿಗೆ ಎಷ್ಟು ಹೊಂದಿಕೊಂಡಿತ್ತೆಂದರೆ, 1919ರಲ್ಲಿ ಅಲ್ಲೇ ಕೊಟ್ಟುಬಿಟ್ಟ.

ಅಂದಹಾಗೆ ವಿನ್ನಿ ಹೆಣ್ಣು ಕರಡಿ. ಇಂಗ್ಲಿಷ್ ಪುಸ್ತಕದಲ್ಲಿ 'ಅವನು' ಆದ. ಕನ್ನಡದಲ್ಲಿ ಕರಡಿ 'ಅದು' ಆದ್ದರಿಂದ ನಮಗೆ ಆ ತಾಪತ್ರಯವಿಲ್ಲ :-)

ವಿನ್ನಿ ಎಷ್ಟು ಸಾಧುವೆಂದರೆ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಳ್ಳುತ್ತಿತ್ತಂತೆ. ಇದನ್ನು ಓದಿದಾಗ ನನಗೆ ನಮ್ಮೂರಿನ ಬೀದಿ ನೆನಪಾಯಿತು. ನಾವು ಚಿಕ್ಕವರಿದ್ದಾಗ ಕರಡಿ ಆಡಿಸುವವರು ಬರುತ್ತಿದ್ದರು. ಹೆದರಿಕೆ ಹೋಗಲಿ ಅಂತ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು, ಅದರ ಕೂದಲು ಹಾಕಿದ ತಾಯತ ಕಟ್ಟುತ್ತಿದ್ದರು. ನನಗೂ ಕಟ್ಟಿದ್ದರು. ಅದರ ಮೂಗಿಗೆ ತೂತು ಮಾಡಿ ಹಗ್ಗ ಪೋಣಿಸಿದ್ದು ಆಗ ನನಗೆ ಎತ್ತಿನ ಮೂಗುದಾರದಷ್ಟೇ ಸಹಜವಾಗಿ ಕಂಡಿತ್ತು. 1972ರ ಕಾಯ್ದೆ ಬಂದ ಮೇಲೂ ಇದು ನಿಲ್ಲಲು ದಶಕಗಳೇ ಬೇಕಾದವು. ಆ ಕಸುಬನ್ನೇ ನಂಬಿದ್ದ ಕಲಂದರ್ ಕುಟುಂಬಗಳಿಗೆ ಬೇರೆ ದಾರಿ ತೋರಿಸಿ, ಕರಡಿಗಳನ್ನು ಬಿಡಿಸಿಕೊಂಡರು. ಬೀದಿಯಲ್ಲಿ ಕುಣಿಯುತ್ತಿದ್ದವುಗಳಲ್ಲಿ ಕೊನೆಯದು ಎನ್ನಲಾದ ಕರಡಿ 2009ರ ಡಿಸೆಂಬರಿನಲ್ಲಿ ನಮ್ಮ ಬನ್ನೇರುಘಟ್ಟಕ್ಕೇ ಬಂತು.

ಇರಲಿ, ಲಂಡನ್ನಿಗೆ ವಾಪಸು ಹೋಗೋಣ. ವಿನ್ನಿಯನ್ನು ನೋಡಲು ಬರುತ್ತಿದ್ದ ಮಕ್ಕಳಲ್ಲಿ 1920ರಲ್ಲಿ ಹುಟ್ಟಿದ ಕ್ರಿಸ್ಟೋಫರ್ ರಾಬಿನ್ ಮಿಲ್ನ್ ಕೂಡ ಒಬ್ಬ. ಅವನ ಹತ್ತಿರ ಒಂದು ಗೊಂಬೆ ಕರಡಿ ಇತ್ತು, ಮೊದಲ ಹುಟ್ಟುಹಬ್ಬಕ್ಕೆ ಕೊಡಿಸಿದ್ದು. ಅದಕ್ಕೆ ವಿನ್ನಿ ಎಂಬ ಹೆಸರು ಬಂತು. 'ಪೂ' ಎನ್ನುವುದು ಒಂದು ಹಂಸಕ್ಕೆ ಇಟ್ಟಿದ್ದ ಹೆಸರು, ಅದೂ ಸೇರಿಕೊಂಡಿತು.

ಗೊಂಬೆ ಕರಡಿಗೆ ಟೆಡ್ಡಿ ಎಂಬ ಹೆಸರು ಬಂದ ಕಥೆಯೂ ಅಷ್ಟು ಮುದ್ದಾದದ್ದಲ್ಲ. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪಿಯಲ್ಲಿ ಬೇಟೆಗೆ ಹೋದಾಗ, ಮರಕ್ಕೆ ಕಟ್ಟಿಹಾಕಿದ್ದ ಕರಡಿಯನ್ನು ಗುಂಡಿಟ್ಟು ಕೊಲ್ಲಲು ಒಪ್ಪಲಿಲ್ಲ. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಂಗಡಿಯವನೊಬ್ಬ ಟೆಡ್ಡಿಯ ಕರಡಿ ಅಂತ ಗೊಂಬೆ ಹೊಲಿಸಿ ಮಾರಿದ. ಗಾಯಗೊಂಡಿದ್ದ ಆ ಕರಡಿಯನ್ನು ಆಮೇಲೆ ರೂಸ್‌ವೆಲ್ಟ್ ಹೇಳಿಯೇ ಚಾಕುವಿನಿಂದ ಕೊಲ್ಲಿಸಿದ್ದು ಮಾತ್ರ ಗೊಂಬೆಯ ಜೊತೆ ಬರಲಿಲ್ಲ.

ಕ್ರಿಸ್ಟೋಫರನ ಅಪ್ಪ ಎ. ಎ. ಮಿಲ್ನ್ 'ಪಂಚ್' ಪತ್ರಿಕೆಯ ಹಾಸ್ಯ ಬರಹಗಾರ, ನಾಟಕಕಾರ. ಸೋಮ್ ಯುದ್ಧದಲ್ಲಿದ್ದು ಬಂದವನು. ಚಿತ್ರ ಬರೆದ ಇ. ಎಚ್. ಶೆಪರ್ಡ್ ಕೂಡ ಅದೇ ಯುದ್ಧ ನೋಡಿದವನು. ಅಷ್ಟು ಸಾವು ಕಂಡುಬಂದ ಇಬ್ಬರು ಸೇರಿ, ಜೇನು ಮುಗಿದುಹೋಗುವುದೇ ದೊಡ್ಡ ಕಷ್ಟವಾಗಿರುವ ಒಂದು ಕಾಡು ಕಟ್ಟಿದರು ಅನ್ನುವುದು ನನಗೆ ಯಾವಾಗಲೂ ಸೋಜಿಗ. ಆ ಬಲೂನು-ಜೇನಿನ ಕಥೆ 1925ರ ಕ್ರಿಸ್‌ಮಸ್ ಮುನ್ನಾದಿನ ಲಂಡನ್ನಿನ ಸಂಜೆ ಪತ್ರಿಕೆಯೊಂದರಲ್ಲಿ ಬಂತು. ಮರುವರ್ಷ ಅಕ್ಟೋಬರಿನಲ್ಲಿ ಪುಸ್ತಕವಾಯಿತು, 1928ರಲ್ಲಿ ಎರಡನೆಯದು ಬಂತು. ಕಥೆಯಲ್ಲಿ ಹುಡುಗನ ನಿಜವಾದ ಹೆಸರೇ ಇತ್ತು.

ನನ್ನ ನಿದ್ದೆ ಕೆಡಿಸಿದ್ದು ಇದೇ. ಪುಸ್ತಕ ಲೋಕಪ್ರಸಿದ್ಧವಾಯಿತು, ಹುಡುಗನೂ ಆದ. ಅವನು ಬೋರ್ಡಿಂಗ್ ಶಾಲೆಗೆ ಹೋದ. ಪುಟ್ಟವನಿದ್ದಾಗ ಅವನ ದನಿಯಲ್ಲೇ ಹಾಡಿಸಿದ್ದ ಗ್ರಾಮಫೋನ್ ತಟ್ಟೆಯನ್ನು ಪಕ್ಕದ ಕೋಣೆಯ ಹುಡುಗರು ಮತ್ತೆ ಮತ್ತೆ ಹಾಕಿ ಗೋಳುಹೊಯ್ದುಕೊಂಡರು. ಕೊನೆಗೆ ಅವರಿಗೇ ಸಾಕಾಗಿ ತಟ್ಟೆಯನ್ನು ಅವನಿಗೆ ಕೊಟ್ಟಾಗ, ಅವನು ಅದನ್ನು ಚೂರುಚೂರು ಮಾಡಿ ದೂರದ ಹೊಲದಲ್ಲಿ ಚೆಲ್ಲಿಬಂದನಂತೆ. ತನ್ನ ಎಳೆಯ ಹೆಗಲು ಹತ್ತಿ ಅಪ್ಪ ಮೇಲೆ ಹೋದ ಎಂಬ ಸಿಟ್ಟು ಅವನಿಗೆ ಬಹಳ ವರ್ಷ ಇತ್ತು. ಮುಂದೆ ಪುಟ್ಟ ಊರೊಂದರಲ್ಲಿ ಪುಸ್ತಕದ ಅಂಗಡಿ ಇಟ್ಟ. 1974ರಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ಇದನ್ನೆಲ್ಲ ಹೇಳಿಕೊಂಡು ಸ್ವಲ್ಪ ಹಗುರಾದ. ಆ ಗೊಂಬೆಗಳು? ಅವು 1987ರಿಂದ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಗಾಜಿನ ಹಿಂದೆ ಇವೆ. ಅವನಿಗೆ ಅವು ಬೇಕೆನಿಸಿರಲಿಲ್ಲ.

ಮಗಳ ಮುದ್ದು ಮಾತುಗಳನ್ನು ಅವಳ ಹೆಸರು, ಫೋಟೋ ಸಮೇತ ನಾನೂ ಇಲ್ಲಿ ಹಾಕಿದ್ದುಂಟು. ನೀವೂ ಓದಿ ಮೆಚ್ಚಿದ್ದೀರಿ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಮೊನ್ನೆ ಕೂತು ಅವನ್ನೆಲ್ಲ ತೆಗೆದೆ. ಹುಡುಕಿದರೆ ಸಿಗುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಈಗ ಬಾಕಿ ಉಳಿದ ಎರಡನೇ ಪ್ರಶ್ನೆ. ಕಚ್ಚುತ್ತದೆ. ಚೆನ್ನಾಗಿಯೇ ಕಚ್ಚುತ್ತದೆ, ಅದರಲ್ಲೂ ಮೂತಿಗೆ. ದಪ್ಪ ತುಪ್ಪಳ ಇರುವಲ್ಲಿ ಅಷ್ಟು ನಾಟುವುದಿಲ್ಲ ಅಷ್ಟೆ. ಮತ್ತೆ ಕರಡಿ ಜೇನುಗೂಡಿಗೆ ಕೈ ಹಾಕುವುದು ಬರೀ ತುಪ್ಪಕ್ಕಲ್ಲ, ಎರಿಯ ಒಳಗಿರುವ ಮರಿಹುಳಗಳಿಗೂ ಹೌದು. ಕೊಬ್ಬು, ಪ್ರೋಟೀನು ಇರುವುದು ಅಲ್ಲೇ. ಕಥೆಪುಸ್ತಕದವರು ಇದನ್ನು ಬಿಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ರಷ್ಯನ್ ಭಾಷೆಯಲ್ಲಂತೂ ಕರಡಿಯ ಹೆಸರೇ ಮೆದ್ವೇದ್, ಅಂದರೆ ಜೇನು ತಿನ್ನುವವನು. ನಿಜವಾದ ಹೆಸರು ಹೇಳಿದರೆ ಪ್ರಾಣಿ ಬಂದೇಬಿಡುತ್ತದೆಂಬ ಭಯಕ್ಕೆ ಹಾಗೆ ಕರೆದರಂತೆ, ನಮ್ಮಲ್ಲಿ ರಾತ್ರಿ ಹೊತ್ತು ಹಾವನ್ನು 'ಹುಳ' ಅನ್ನುವ ಹಾಗೆ. ಆ ಹಳೆಯ ಹೆಸರಿನ ನಂಟು ಸಂಸ್ಕೃತದ 'ಋಕ್ಷ'ದಲ್ಲಿ ಉಳಿದಿದೆ. ನಮ್ಮ ಜಾಂಬವಂತ ಋಕ್ಷರಾಜ ತಾನೆ?

ನಮ್ಮ ದರೋಜಿಯ ಕರಡಿಗಳದು ಇನ್ನೊಂದು ದಾರಿ. ಅವಕ್ಕೆ ಜೇನು ಇಷ್ಟವೇ, ಆದರೆ ನಿತ್ಯದ ಊಟ ಗೆದ್ದಲು, ಇರುವೆ. ಮೇಲಿನ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ರನೆ ಹೀರುತ್ತವೆ. ಹಲ್ಲಿನ ಈ ಸಂದಿ, ಉದ್ದದ ಉಗುರು ನೋಡಿ 1791ರಲ್ಲಿ ಇಂಗ್ಲೆಂಡಿನ ಪಂಡಿತ ಜಾರ್ಜ್ ಶಾ ಇದು ಕರಡಿಯೇ ಅಲ್ಲ, ದಕ್ಷಿಣ ಅಮೆರಿಕದ ಸ್ಲಾತ್ ಅಂದುಬಿಟ್ಟ. ತಪ್ಪು ತಿದ್ದಿದ ಮೇಲೂ ಇಂಗ್ಲಿಷಿನಲ್ಲಿ ಅದು ಸ್ಲಾತ್ ಬೇರ್ ಆಗಿಯೇ ಉಳಿಯಿತು.

ಇಷ್ಟನ್ನು ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳು ಕುರ್ಚಿ ಹತ್ತಿದ್ದಳು. ಕೇಳಿಸಿಕೊಂಡಿದ್ದು ಸೊರ್ರ್ ಅನ್ನುವುದನ್ನು ಮಾತ್ರ. ಹಾಗಾಗಿ ಆಟಕ್ಕಿಳಿದೆವು. ಒಂದು, ಪೂ ಪುಸ್ತಕದ್ದೇ ಆಟ. ಸೇತುವೆಯ ಮೇಲೆ ನಿಂತು ನೀರು ಬರುವ ಕಡೆ ಇಬ್ಬರೂ ಒಂದೊಂದು ಕಡ್ಡಿ ಬಿಟ್ಟು, ಆಚೆ ಬದಿಗೆ ಓಡಿ, ಯಾರ ಕಡ್ಡಿ ಮೊದಲು ಬಂತು ಅಂತ ನೋಡುವುದು. ಊರಿಗೆ ಹೋದಾಗ ತೋಟದ ಕಾಲುಸಂಕದ ಮೇಲೆ ಆಡಿದೆವು. ದಪ್ಪ ಕಡ್ಡಿ ಯಾಕೆ ಸೋತಿತು ಅಂತ ಅವಳೇ ತಲೆ ಕೆಡಿಸಿಕೊಂಡು ಮೂರು ಸಲ ಕಡ್ಡಿ ಬದಲಾಯಿಸಿದಳು, ನಾನು ಬಾಯಿ ಹಾಕಲಿಲ್ಲ. (ಇಂಗ್ಲೆಂಡಿನ ಆ ಮೂಲ ಸೇತುವೆಯ ಮರ 2021ರ ಹರಾಜಿನಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ನಮ್ಮದು ಎರಡು ಅಡಿಕೆ ಮರ.)

ಇನ್ನೊಂದು ಜೇನಿನ ಕುಣಿತ. ಹೂವಿರುವ ಜಾಗ ಕಂಡುಬಂದ ಜೇನ್ನೊಣ ಎರಿಯ ಮೇಲೆ ಹಿಂಭಾಗ ಅಲುಗಿಸುತ್ತಾ ಓಡಿ ಉಳಿದವಕ್ಕೆ ದಾರಿ ಹೇಳುತ್ತದೆ. ಓಟದ ದಿಕ್ಕು ಸೂರ್ಯನಿಂದ ಎಷ್ಟು ಓರೆ ಹೋಗಬೇಕು ಅನ್ನುವುದಕ್ಕೆ, ಅಲುಗಿಸುವ ಹೊತ್ತು ಎಷ್ಟು ದೂರ ಅನ್ನುವುದಕ್ಕೆ. ಇದನ್ನು ಬಿಡಿಸಿ ಓದಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ನಮ್ಮ ಹೆಜ್ಜೇನೂ ಹೀಗೆ ಕುಣಿಯುತ್ತದೆ. ಮನೆಯಲ್ಲಿ ನಿಯಮ ಸುಲಭ. ಒಬ್ಬರು ಚಿಕ್ಕಿ ಬಚ್ಚಿಡಬೇಕು, ಮಾತಾಡುವ ಹಾಗಿಲ್ಲ. ಚಿಕ್ಕಿ ಇರುವ ಕಡೆ ತಿರುಗಿ ಸೊಂಟ ಅಲುಗಿಸಬೇಕು. ಎಷ್ಟು ಸಲ ಅಲುಗಿತೋ ಅಷ್ಟು ಹೆಜ್ಜೆ.

ಮಗಳು ಬಾಗಿಲ ಕಡೆ ತಿರುಗಿ ಎಂಟು ಸಲ ಅಲುಗಿಸಿದಳು. ನಾನು ಎಂಟು ಹೆಜ್ಜೆ ಎಣಿಸಿ ನಡೆದೆ, ಹೊಸಿಲು ದಾಟಿ ಎದುರು ಮನೆಯವರ ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಕೂಗು ಬಂತು.

"ನಿನ್ ಹೆಜ್ಜೆ ಅಲ್ಲ ಅಪ್ಪಾ, ನನ್ ಹೆಜ್ಜೆ!"

ಚಿಕ್ಕಿ ನನ್ನ ಶೂ ಒಳಗಿತ್ತು.